ಫ್ಲೋಟ್ ಲೆವೆಲ್: ಮೂರು ಮಿಲಿಮೀಟರ್‌ನ ಲೆಕ್ಕ

ನಮ್ಮ ಕಾಲೇಜ್ ಪಾರ್ಕಿಂಗ್‌ನಲ್ಲಿ ಒಂದು ರೌಂಡ್ ಹಾಕಿ ನೋಡಿ. ಹೊಸ ಗಾಡಿಗಳ ಮಧ್ಯೆ ಅಪ್ಪನ ಕಾಲದ ಆರ್‌ಎಕ್ಸ್ 100, ಮೈಸೂರಲ್ಲಿ ತಯಾರಾದ ಯೆಜ್ಡಿ, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಹೀರೋ ಇಂಪಲ್ಸ್ ಒಂದೊಂದಾದ್ರೂ ಸಿಗುತ್ತೆ. ಏಪ್ರಿಲ್ 2020ರಲ್ಲಿ ಬಿಎಸ್6 ಬಂದಮೇಲೆ ಹೊಸ ಬೈಕ್‌ಗಳಿಂದ ಕಾರ್ಬುರೇಟರ್ ಹೆಚ್ಚುಕಡಿಮೆ ಮಾಯವಾಯ್ತು. ಆದರೆ ಈ ಹಳೇ ಗಾಡಿಗಳು ಇನ್ನೂ ಓಡ್ತಿವೆ, ವೀಕೆಂಡ್‌ನಲ್ಲಿ ಕನಕಪುರ ರೋಡ್ ದಾಟಿ ಮಣ್ಣಿನ ದಾರಿಗೂ ಇಳೀತಿವೆ. ಇವುಗಳಲ್ಲಿ ಬರೋ ಅರ್ಧ ಕಿರಿಕಿರಿಗೆ ಜೆಟ್ ಬದಲಾಯಿಸ್ತಾರೆ, ಪ್ಲಗ್ ಬದಲಾಯಿಸ್ತಾರೆ. ಫ್ಲೋಟ್ ಲೆವೆಲ್ ಮಾತ್ರ ಯಾರೂ ನೋಡಲ್ಲ.

ಫ್ಲೋಟ್ ಅಂದ್ರೆ ಏನು? ಮನೆಯ ಓವರ್‌ಹೆಡ್ ಟ್ಯಾಂಕ್‌ನ ಬಾಲ್ ವಾಲ್ವ್ ನೆನಪು ಮಾಡ್ಕೊಳ್ಳಿ. ನೀರು ಏರಿದಂತೆ ಚೆಂಡು ಏರುತ್ತೆ, ನಲ್ಲಿ ಮುಚ್ಚುತ್ತೆ. ಕಾರ್ಬುರೇಟರ್ ಕೆಳಗಿನ ಬೌಲ್‌ನಲ್ಲೂ ಇದೇ ಕೆಲಸ. ಪೆಟ್ರೋಲ್ ಏರಿದಾಗ ಫ್ಲೋಟ್ ಎದ್ದು, ನೀಡಲ್ ವಾಲ್ವನ್ನ ಸೀಟ್‌ಗೆ ಒತ್ತಿ ಮುಚ್ಚುತ್ತೆ. ಯಾವ ಎತ್ತರದಲ್ಲಿ ಮುಚ್ಚಬೇಕು ಅನ್ನೋದೇ ಫ್ಲೋಟ್ ಲೆವೆಲ್.

ಈ ಎತ್ತರ ಯಾಕೆ ಮುಖ್ಯ ಅಂತ ಬರ್ನೌಲಿಯಿಂದಲೇ ಲೆಕ್ಕ ಹಾಕೋಣ. ವೆಂಚುರಿಯಲ್ಲಿ ಗಾಳಿ ವೇಗವಾಗಿ ಹೋದಾಗ ಒತ್ತಡ ಇಳಿಯುತ್ತೆ: ಅರ್ಧ × ಸಾಂದ್ರತೆ × ವೇಗದ ವರ್ಗ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಇಲ್ಲಿನ ಗಾಳಿಯ ಸಾಂದ್ರತೆ ಘನಮೀಟರ್‌ಗೆ 1.05 ಕೆಜಿ ಅಂತಿಟ್ಕೊಳ್ಳಿ. ಗಾಳಿ ಸೆಕೆಂಡ್‌ಗೆ 30 ಮೀಟರ್ ಹೋದ್ರೆ ಒತ್ತಡದ ಇಳಿಕೆ ಸುಮಾರು 472 ಪಾಸ್ಕಲ್. 10 ಮೀಟರ್ ಆದ್ರೆ ಬರೀ 52.

ಈಗ ಬೌಲ್‌ನಲ್ಲಿ ಪೆಟ್ರೋಲ್ ಮಟ್ಟ ನಾಜಲ್ ತುದಿಗಿಂತ 5 ಮಿ.ಮೀ. ಕೆಳಗಿದೆ ಅನ್ನಿ. ಅಷ್ಟು ಎತ್ತರಕ್ಕೆ ಪೆಟ್ರೋಲ್ ಎತ್ತೋಕೇ 36 ಪಾಸ್ಕಲ್ ಬೇಕು. ಉಳಿದದ್ದು ಮಾತ್ರ ಹರಿವಿಗೆ. ಲೆವೆಲ್ ಇನ್ನೂ 3 ಮಿ.ಮೀ. ಕೆಳಗಿಳಿದ್ರೆ 58 ಪಾಸ್ಕಲ್ ಬೇಕಾಗುತ್ತೆ. 30 ಮೀಟರ್ ವೇಗದಲ್ಲಿ ಇದರಿಂದ ಹರಿವು ಶೇ. 2.6ರಷ್ಟು ಕಮ್ಮಿ ಆಗುತ್ತೆ, ಅಷ್ಟೇ. ಆದರೆ 10 ಮೀಟರ್ ವೇಗದಲ್ಲಿ ಇರೋದೇ 52, ಬೇಕಿರೋದು 58. ನಾಜಲ್‌ನಿಂದ ಒಂದು ಹನಿಯೂ ಬರಲ್ಲ! ನಿಜವಾದ ಕಾರ್ಬುರೇಟರ್‌ನಲ್ಲಿ ಪೈಲಟ್ ಜೆಟ್ ಇಂಥ ಕಡೆ ಕೈ ಹಿಡಿಯುತ್ತೆ, ಹಾಗಾಗಿ ಇದು ಸರಳ ಮಾಡಿದ ಲೆಕ್ಕ. ಆದರೂ ಪಾಠ ಸ್ಪಷ್ಟ. ಇಸಿ ಬ್ರ್ಯಾಂಚ್‌ನವರ ಭಾಷೇಲಿ ಹೇಳೋದಾದ್ರೆ ಜೆಟ್ ಗೇನ್ ಇದ್ದಂಗೆ, ಫ್ಲೋಟ್ ಲೆವೆಲ್ ಆಫ್‌ಸೆಟ್ ಇದ್ದಂಗೆ. ಆಫ್‌ಸೆಟ್ ತಪ್ಪಿದ್ದಾಗ ಗೇನ್ ಎಷ್ಟು ತಿರುವಿದ್ರೂ ಒಂದು ಕಡೆ ಸರಿಹೋಗುತ್ತೆ, ಇನ್ನೊಂದು ಕಡೆ ಕೆಡುತ್ತೆ.

ಮಣ್ಣಿನ ದಾರೀಲಿ ಇನ್ನೊಂದು ಸಮಸ್ಯೆ ಸೇರುತ್ತೆ. 20 ಡಿಗ್ರಿ ಏರಿನಲ್ಲಿ ಗಾಡಿ ವಾಲಿದಾಗ, ಬೌಲ್‌ನ ಮಧ್ಯದಿಂದ 20 ಮಿ.ಮೀ. ದೂರದಲ್ಲಿ ಪೆಟ್ರೋಲ್ ಮಟ್ಟ 7 ಮಿ.ಮೀ.ನಷ್ಟು ಏರುಪೇರಾಗುತ್ತೆ. ಮೇನ್ ಜೆಟ್‌ನ ಬೌಲ್ ನಡುವೆ ಇಟ್ಟು, ಎರಡೂ ಪಕ್ಕ ಫ್ಲೋಟ್ ಕೊಡೋದು ಇದಕ್ಕೇ. ಲೆವೆಲ್ ಮೊದಲೇ ಕಮ್ಮಿ ಇದ್ರೆ ಏರಿನಲ್ಲಿ ಗಾಡಿ ಮುಗ್ಗರಿಸುತ್ತೆ. ಜಾಸ್ತಿ ಇದ್ರೆ ಬಿದ್ದಾಗ, ಕುಲುಕಿದಾಗ ಓವರ್‌ಫ್ಲೋ.

ಲಕ್ಷಣಗಳು ಹೀಗಿರ್ತವೆ. ಲೆವೆಲ್ ಜಾಸ್ತಿ ಆದ್ರೆ ಓವರ್‌ಫ್ಲೋ ಪೈಪ್‌ನಿಂದ ತೊಟ್ಟಿಕ್ಕುತ್ತೆ, ಪ್ಲಗ್ ಕಪ್ಪಾಗಿ ಒದ್ದೆ ಇರುತ್ತೆ. ಫೋರ್ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಎಂಜಿನ್ ಆಯಿಲ್‌ಗೂ ಇಳಿಯಬಹುದು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದ್ರೆ ಸ್ಟಾರ್ಟ್ ಮಾಡ್ಬೇಡಿ, ಕಾರಣ ಸರಿಪಡಿಸಿ ಆಯಿಲ್ ಬದಲಾಯಿಸಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ನಿಲ್ಸೋರಿಗೆ ಇದು ಬೆಂಕಿಯ ವಿಷಯ ಕೂಡ. ಲೆವೆಲ್ ಕಮ್ಮಿ ಆದ್ರೆ ಫುಲ್ ಥ್ರಾಟಲ್‌ನಲ್ಲಿ ಎಂಜಿನ್ ಉಸಿರು ಕಟ್ಟುತ್ತೆ, ಬಿಸಿ ಏರುತ್ತೆ. ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್ ಸೀಜ್ ಆಗೋದು ಹೀಗೇ. ಯೆಜ್ಡಿ ಥರ ಪೆಟ್ರೋಲ್‌ಗೇ ಆಯಿಲ್ ಬೆರೆಸೋ ಗಾಡೀಲಿ ಪೆಟ್ರೋಲ್ ಜೊತೆ ಆಯಿಲ್ಲೂ ಕಮ್ಮಿ ಆಗುತ್ತೆ.

ಈಗ ಕೆಲಸಕ್ಕೆ ಬರೋಣ. ಎಂಜಿನ್ ತಣ್ಣಗಿರಲಿ, ಜಾಗ ಗಾಳಿ ಆಡುವಂತಿರಲಿ, ಹತ್ತಿರ ಯಾರೂ ಸಿಗರೇಟ್ ಹಚ್ಚಬಾರದು. ಪೆಟ್ರೋಲ್ ಕಾಕ್ ಮುಚ್ಚಿ, ಬೌಲ್ ಖಾಲಿ ಮಾಡಿ, ಕಾರ್ಬುರೇಟರ್ ಇಳಿಸಿ, ಬೌಲ್ ಬಿಚ್ಚಿ.

1. ಮೊದಲು ಫ್ಲೋಟನ್ನ ಕಿವಿ ಹತ್ರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಸದ್ದು ಕೇಳಿದ್ರೆ ಅದು ತೂತಾಗಿದೆ, ಬದಲಾಯಿಸಿ. ನೀಡಲ್ ತುದೀಲಿ ಉಂಗುರದಂತೆ ಸವೆದ ಗುರುತಿದ್ರೆ ಅದನ್ನೂ ಬದಲಾಯಿಸಿ. ಸೀಟ್‌ನಲ್ಲಿ ಕಸ ಕೂತಿದ್ರೆ ತೆಗೀರಿ. ಇಷ್ಟಕ್ಕೇ ಎಷ್ಟೋ ಗಾಡಿ ಸರಿಹೋಗ್ತವೆ.

2. ಗ್ಯಾಸ್ಕೆಟ್ ತೆಗೆದು, ಕಾರ್ಬುರೇಟರ್‌ನ ಪೂರ್ತಿ ತಲೆಕೆಳಗೆ ಮಾಡದೆ ಓರೆಯಾಗಿ ಹಿಡೀರಿ. ಫ್ಲೋಟ್‌ನ ಹಿತ್ತಾಳೆ ನಾಲಿಗೆ ನೀಡಲ್‌ನ ಸ್ಪ್ರಿಂಗ್ ಪಿನ್ನನ್ನ ಮುಟ್ಟಬೇಕು, ಆದರೆ ಒತ್ತಬಾರದು. ಪೂರ್ತಿ ತಿರುಗಿಸಿದ್ರೆ ಫ್ಲೋಟ್ ಭಾರಕ್ಕೇ ಪಿನ್ ಒಳಗೋಗಿ ಅಳತೆ ತಪ್ಪುತ್ತೆ.

3. ಗ್ಯಾಸ್ಕೆಟ್ ಕೂರೋ ಮೇಲ್ಮೈಯಿಂದ ಫ್ಲೋಟ್‌ನ ತುದಿವರೆಗೆ ವರ್ನಿಯರ್‌ನಲ್ಲಿ ಅಳೀರಿ. ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನ ಸಂಖ್ಯೆ ಜೊತೆ ಹೋಲಿಸಿ. ಬೇರೆ ಗಾಡಿಯ ಸಂಖ್ಯೆ ಬೇಡ.

4. ಎಲ್ಲರೂ ಗೊಂದಲ ಆಗೋ ಜಾಗ ಇದು: ಈ ಅಳತೆ ಜಾಸ್ತಿ ಇದ್ರೆ ಪೆಟ್ರೋಲ್ ಮಟ್ಟ ಕಮ್ಮಿ, ಅಳತೆ ಕಮ್ಮಿ ಇದ್ರೆ ಮಟ್ಟ ಜಾಸ್ತಿ. ನಾಲಿಗೆಯನ್ನ ನೀಡಲ್ ಕಡೆಗೆ ಬಗ್ಗಿಸಿದ್ರೆ ವಾಲ್ವ್ ಬೇಗ ಮುಚ್ಚುತ್ತೆ, ಮಟ್ಟ ಇಳಿಯುತ್ತೆ. ಫ್ಲೋಟನ್ನೇ ಒತ್ತಿ ಬಗ್ಗಿಸ್ಬೇಡಿ, ನೀಡಲ್ ತುದಿ ಹಾಳಾಗುತ್ತೆ. ಸಣ್ಣ ಸ್ಕ್ರೂಡ್ರೈವರ್‌ನಿಂದ ನಾಲಿಗೆ ಮಾತ್ರ, ಅದೂ ಕೂದಲೆಳೆಯಷ್ಟು. ಎರಡೂ ಫ್ಲೋಟ್ ಸಮ ಇರಲಿ. ನಾಲಿಗೆಯೇ ಇಲ್ಲದ ಪ್ಲಾಸ್ಟಿಕ್ ಫ್ಲೋಟ್ ಆದ್ರೆ ಅಡ್ಜಸ್ಟ್ ಮಾಡೋಕೆ ಹೋಗ್ಬೇಡಿ.

5. ಕೊನೆಗೆ ಪರೀಕ್ಷೆ. ಎಲ್ಲ ಜೋಡಿಸಿ, ಬೌಲ್‌ನ ಡ್ರೈನ್‌ಗೆ ಪಾರದರ್ಶಕ ಪೈಪ್ ಹಾಕಿ ಮೇಲಕ್ಕೆ ಹಿಡೀರಿ. ಗಾಡಿ ನೆಟ್ಟಗೆ ನಿಲ್ಸಿ, ಕಾಕ್ ತೆರೆದು, ಡ್ರೈನ್ ಸ್ಕ್ರೂ ಸಡಿಲಿಸಿ. ಪೈಪ್‌ನಲ್ಲಿ ನಿಂತ ಮಟ್ಟವೇ ಬೌಲ್ ಒಳಗಿನ ಮಟ್ಟ.

ಇನ್ನೊಂದು ಮಾತು. 2023ರ ಫೆಬ್ರವರಿ 6ರಂದು ಇ20 ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು ಬೆಂಗಳೂರಲ್ಲೇ. ಶುದ್ಧ ಪೆಟ್ರೋಲ್‌ಗೆ ಗಾಳಿಯ ಅನುಪಾತ 14.7 ಆದ್ರೆ ಇ20ಗೆ ಸುಮಾರು 13.5, ಅಂದ್ರೆ ಹಳೇ ಜೆಟ್‌ನಲ್ಲಿ ಮಿಶ್ರಣ ಲೀನ್ ಆಗುತ್ತೆ. ಇದಕ್ಕೆ ಕೆಲವರು ಫ್ಲೋಟ್ ಲೆವೆಲ್ ಏರಿಸ್ತಾರೆ. ಮೇಲಿನ ಲೆಕ್ಕ ನೋಡಿದ್ರೆ ಅದು ತಪ್ಪು ಮದ್ದು ಅಂತ ಗೊತ್ತಾಗುತ್ತೆ: ಅನುಪಾತ ಬದಲಾಗಿದೆ ಅಂದ್ರೆ ಗೇನ್ ಬದಲಾಗಬೇಕು, ಅಂದ್ರೆ ಜೆಟ್. ಹಳೇ ರಬ್ಬರ್ ಭಾಗಗಳನ್ನೂ ಎಥನಾಲ್ ಉಬ್ಬಿಸಬಹುದು, ಹಾಗಾಗಿ ನೀಡಲ್ ತುದಿ, ಓ-ರಿಂಗ್ ಆಗಾಗ ನೋಡ್ತಿರಿ.

ನಾಲಿಗೆ ಮುಟ್ಟೋ ಮೊದಲು ಈಗಿರೋ ಅಳತೆಯನ್ನ ಒಂದು ಚೀಟೀಲಿ ಬರೆದಿಟ್ಕೊಳ್ಳಿ. ಕೆಟ್ಟರೂ ಮೊದಲಿದ್ದ ಜಾಗಕ್ಕೆ ವಾಪಸ್ ಬರೋ ದಾರಿ ಇರುತ್ತೆ.