ಪಂಪಿನ ತಂತಿಯಲ್ಲಾಗುವ ವಿದ್ಯುತ್ ನಷ್ಟ

ತೋಟದ ಬಾವಿಗೆ ವಿದ್ಯುತ್ ಪಂಪನ್ನು ಹಾಕಿಸುವ ರೈತರು ಪಂಪಿನ ತಯಾರಿ, ಅಶ್ವಶಕ್ತಿ, ಬೆಲೆ ಮುಂತಾದುವನ್ನು ಬಹಳವಾಗಿ ವಿಚಾರಿಸುತ್ತಾರೆ. ಮೀಟರಿನಿಂದ ಬಾವಿಯವರೆಗೆ ಎಳೆಯತಕ್ಕ ತಂತಿಯ ವಿಷಯದಲ್ಲಿ ಮಾತ್ರ ಅಂಗಡಿಯವನು ಕೊಟ್ಟುದೇ ಸಾಕೆಂದು ತೃಪ್ತಿಪಡುವರು. ಬೇಸಗೆಯಲ್ಲಿ, ನೀರು ಅತ್ಯವಶ್ಯಕವಾದ ಸಮಯದಲ್ಲಿಯೇ, ಮೋಟಾರಿನ ಸುರುಳಿ ಸುಟ್ಟುಹೋದರೆ ಪಂಪನ್ನೇ ದೂರುವುದು ವಾಡಿಕೆ. ಅನೇಕ ವೇಳೆ ದೋಷವಿರುವುದು ತಂತಿಯಲ್ಲಿ. ಇದನ್ನು ಕಂಡುಹಿಡಿಯಲು ಗುಣಾಕಾರ ಭಾಗಾಕಾರಗಳಿಗಿಂತ ಹೆಚ್ಚಿನ ಗಣಿತವೇನೂ ಬೇಕಾಗಿಲ್ಲ.

ವಿದ್ಯುತ್ತನ್ನು ತಳ್ಳುವ ಒತ್ತಡವನ್ನು ವೋಲ್ಟುಗಳಿಂದಲೂ, ಹರಿಯುವ ಪ್ರಮಾಣವನ್ನು ಆಂಪಿಯರುಗಳಿಂದಲೂ, ಆ ಹರಿವಿಗೆ ಉಂಟಾಗುವ ತಡೆಯನ್ನು, ಎಂದರೆ ರೋಧವನ್ನು, ಓಮುಗಳಿಂದಲೂ ಅಳೆಯುವರು. ಜರ್ಮನಿಯ ಓಮ್ ಎಂಬ ಪಂಡಿತನು 1827ರಲ್ಲಿ ಪ್ರಕಟಿಸಿದ ನಿಯಮದಂತೆ, ವೋಲ್ಟುಗಳನ್ನು ಆಂಪಿಯರುಗಳಿಂದ ಭಾಗಿಸಿದರೆ ರೋಧವು ದೊರೆಯುವುದು. ಅವೆರಡನ್ನೂ ಗುಣಿಸಿದರೆ ವ್ಯಯವಾಗುವ ಶಕ್ತಿಯು ವಾಟುಗಳಲ್ಲಿ ಬರುವುದು. ನೀರು ಕಾಯಿಸುವ ವಿದ್ಯುತ್ ಸಲಾಕೆಯೊಂದು 230 ವೋಲ್ಟಿನಲ್ಲಿ 5 ಆಂಪಿಯರುಗಳನ್ನು ಎಳೆಯುವುದಾದರೆ, ಅದರ ರೋಧವು 46 ಓಮು. ಶಕ್ತಿಯು 1,150 ವಾಟು. ಒಂದು ಗಂಟೆಗೆ 1.15 ಯೂನಿಟ್ ಖರ್ಚಾಗುವುದು.

ಮೋಟಾರಿನ ಲೆಕ್ಕವು ಇಷ್ಟು ಸರಳವಲ್ಲ. ಒಂದು ಅಶ್ವಶಕ್ತಿಯೆಂದರೆ 746 ವಾಟು. ಆದರೆ ಅದು ಮೋಟಾರಿನ ಅಚ್ಚಿನಲ್ಲಿ ದೊರೆಯತಕ್ಕ ಶಕ್ತಿಯೇ ಹೊರತು ತಂತಿಯಿಂದ ಎಳೆಯುವ ಶಕ್ತಿಯಲ್ಲ. ಒಂದು ಅಶ್ವಶಕ್ತಿಯ ಸಿಂಗಲ್ ಫೇಸ್ ಪಂಪು 230 ವೋಲ್ಟಿನಲ್ಲಿ 7 ಆಂಪಿಯರುಗಳನ್ನು ಎಳೆಯುವುದೆಂದು ಇಟ್ಟುಕೊಂಡರೆ ಗುಣಲಬ್ಧವು 1,610. ಮೋಟಾರಿನಲ್ಲಿ ಪ್ರವಾಹವು ಒತ್ತಡಕ್ಕಿಂತ ಸ್ವಲ್ಪ ಹಿಂದೆ ಬೀಳುವುದರಿಂದ, ಇದನ್ನು ಪವರ್ ಫ್ಯಾಕ್ಟರ್ ಎಂಬ ಅಂಕಿಯಿಂದ ಪುನಃ ಗುಣಿಸಬೇಕು. ಅದು 0.8 ಆದರೆ ನಿಜವಾದ ಶಕ್ತಿಯು 1,288 ವಾಟು.

ಈಗ ತಂತಿಗೆ ಬರೋಣ. ಉದ್ದವಾದ ಇಕ್ಕಟ್ಟು ಕೊಳವೆಯಲ್ಲಿ ನೀರಿನ ಒತ್ತಡ ಕುಗ್ಗುವಂತೆ, ಉದ್ದವಾದ ಸಣ್ಣ ತಂತಿಯಲ್ಲಿ ವೋಲ್ಟು ಕುಗ್ಗುವುದು. 2.5 ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 7.4 ಓಮು ರೋಧವುಂಟು. ಬಾವಿಯು ಮೀಟರಿನಿಂದ 200 ಮೀಟರು ದೂರವಿದ್ದರೆ, ಹೋಗುವ ಮತ್ತು ಮರಳುವ ತಂತಿಗಳೆರಡೂ ಸೇರಿ 400 ಮೀಟರು. ರೋಧವು ಸುಮಾರು 3 ಓಮು. ಏಳು ಆಂಪಿಯರನ್ನು ಮೂರರಿಂದ ಗುಣಿಸಿದರೆ 21 ವೋಲ್ಟುಗಳು ತಂತಿಯಲ್ಲಿಯೇ ಮುಗಿದುಹೋಗುವುವು. 147 ವಾಟುಗಳಷ್ಟು ಶಕ್ತಿಯು ಶಾಖವಾಗಿ ವ್ಯರ್ಥವಾಗುವುದು. ತಂತಿಯು 6 ಚದರ ಮಿಲಿಮೀಟರಿನದಾಗಿದ್ದರೆ ನಷ್ಟವು 9 ವೋಲ್ಟು, 60 ವಾಟುಗಳ ಸುಮಾರಿನಲ್ಲಿ ನಿಲ್ಲುವುದು. ಅದೇ ದಪ್ಪದ ಅಲ್ಯೂಮಿನಿಯಂ ತಂತಿಯ ರೋಧವು ತಾಮ್ರದ್ದಕ್ಕಿಂತ ಒಂದೂವರೆಪಟ್ಟಿಗೂ ಹೆಚ್ಚೆಂಬುದನ್ನು ಅಗ್ಗದ ಬೆಲೆಗೆ ಮರುಳಾಗುವವರು ನೆನಪಿಡತಕ್ಕದ್ದು.

ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತವಾಗಿರುವಾಗ 147 ವಾಟಿನ ಚಿಂತೆಯೇಕೆಂದು ಕೆಲವರು ಕೇಳಬಹುದು. ಹಾನಿಯಿರುವುದು ಹೋದ ವಾಟುಗಳಲ್ಲಲ್ಲ, ಕುಗ್ಗಿದ ವೋಲ್ಟುಗಳಲ್ಲಿ. ಊರಿನ ಪಂಪುಗಳೆಲ್ಲವೂ ಒಟ್ಟಿಗೆ ಓಡುವ ಹೊತ್ತಿನಲ್ಲಿ ಮೀಟರಿನ ಬಳಿಯೇ 200 ವೋಲ್ಟು ಇದ್ದರೆ, ಬಾವಿಯ ಬಳಿ ಉಳಿಯುವುದು 180ರ ಆಸುಪಾಸು. ಎತ್ತಬೇಕಾದ ನೀರೇನೂ ಕಡಿಮೆಯಾಗದು. ಆದುದರಿಂದ ಮೋಟಾರು ಹೆಚ್ಚು ಪ್ರವಾಹವನ್ನು ಎಳೆಯುವುದು. ಅದು 7ರಿಂದ 9 ಆಂಪಿಯರಿಗೆ ಏರಿತೆನ್ನಿ. ತಂತಿಯ ನಷ್ಟವು 27 ವೋಲ್ಟಾಗಿ ಒತ್ತಡವು ಇನ್ನೂ ಕುಗ್ಗುವುದು. ಸುರುಳಿಯಲ್ಲಿ ಹುಟ್ಟುವ ಶಾಖವು ಆಂಪಿಯರಿನ ವರ್ಗದಂತೆ ಏರುವುದರಿಂದ, 49 ಇದ್ದೆಡೆ 81 ಆಗುವುದು. ಸುರುಳಿಯ ಮೇಲಿನ ವಾರ್ನಿಷು ಕರಿಕಾಗುವುದು ಹೀಗೆ. ಈ ಸ್ಥಿತಿಯಲ್ಲಿ ಫ್ಯೂಸು ಪದೇ ಪದೇ ಹೋಗುವುದೆಂದು ಅದಕ್ಕೆ ದಪ್ಪ ತಂತಿಯನ್ನು ಸುತ್ತುವವರು ಮನೆಯ ಕಾವಲುಗಾರನನ್ನು ತಾವೇ ಓಡಿಸಿದಂತಾಗುವುದು.

ಮೂರು ಫೇಸಿನ ಪಂಪುಗಳಲ್ಲಿ ಈ ತೊಂದರೆ ಕಡಿಮೆ. 415 ವೋಲ್ಟಿನಲ್ಲಿ 5 ಅಶ್ವಶಕ್ತಿಯ ಮೋಟಾರು ಸುಮಾರು 8 ಆಂಪಿಯರನ್ನು ಎಳೆಯುವುದು. ಅದೇ ತಂತಿಯಲ್ಲಿ ಅದೇ ದೂರಕ್ಕೆ ನಷ್ಟವು ಸುಮಾರು 21 ವೋಲ್ಟೇ ಆದರೂ 415ರಲ್ಲಿ ಅದು ನೂರಕ್ಕೆ ಐದರಷ್ಟು ಮಾತ್ರ.

ಮೋಟಾರು ನಿಂತಿರುವಾಗ ಬಾವಿಯ ಬಳಿ ವೋಲ್ಟನ್ನು ಅಳೆದು, ಎಲ್ಲವೂ ಸರಿಯಾಗಿದೆಯೆಂದು ಸಮಾಧಾನಪಡುವುದು ತಪ್ಪು. ಪ್ರವಾಹವಿಲ್ಲದ ತಂತಿಯಲ್ಲಿ ನಷ್ಟವೂ ಇಲ್ಲ. 3 ಓಮನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೇ ಬರುವುದು. ಪಂಪು ನೀರೆತ್ತುತ್ತಿರುವಾಗಲೇ ಮೀಟರಿನ ಬಳಿಯೂ ಸ್ಟಾರ್ಟರಿನ ಬಳಿಯೂ ವೋಲ್ಟನ್ನು, ಜೊತೆಗೆ ಆಂಪಿಯರನ್ನು, ನುರಿತ ವಿದ್ಯುತ್ ಕೆಲಸಗಾರನಿಂದ ಅಳೆಯಿಸಬೇಕು. ಒದ್ದೆ ನೆಲದಲ್ಲಿ ನಿಂತು ಇದನ್ನು ಸ್ವತಃ ಮಾಡಹೋಗುವುದು ಪ್ರಾಣಾಪಾಯಕರ.

ಒಂದೆಡೆ 218, ಇನ್ನೊಂದೆಡೆ 190 ವೋಲ್ಟು, ಪ್ರವಾಹವು 7 ಆಂಪಿಯರು ಎಂದು ಕಂಡುಬಂದಿತೆನ್ನಿ. ವ್ಯತ್ಯಾಸವಾದ 28ನ್ನು 7ರಿಂದ ಭಾಗಿಸಿದರೆ 4 ಓಮು. ಪವರ್ ಫ್ಯಾಕ್ಟರಿನ ಕಾರಣದಿಂದ ಈ ಲೆಕ್ಕವು ನಿಜವಾದ ರೋಧಕ್ಕಿಂತ ತುಸು ಕಡಿಮೆಯನ್ನೇ ತೋರಿಸೀತು. ತಂತಿಗೆ ಸಲ್ಲುವುದು 3 ಓಮು ಮಾತ್ರ. ಮಿಕ್ಕ ಒಂದು ಓಮು ಯಾವುದೋ ಸಡಿಲವಾದ ಜೋಡಣೆಯಲ್ಲಿ ಅಡಗಿದೆ. ಆ ಒಂದೇ ಸ್ಥಳದಲ್ಲಿ 49 ವಾಟು, ಎಂದರೆ ಬೆಸುಗೆ ಹಾಕುವ ವಿದ್ಯುತ್ ಸಲಾಕೆಗೆ ಸಾಕಾಗುವಷ್ಟು ಶಾಖವು ಹುಟ್ಟುತ್ತಿರುವುದು. ಸರಬರಾಯಿಯನ್ನು ಪೂರ್ಣವಾಗಿ ನಿಲ್ಲಿಸಿದ ಬಳಿಕ ಕಪ್ಪಾದ ಅಥವಾ ಮೇಲುಹೊದಿಕೆ ಕರಗಿದ ಗಂಟನ್ನು ಹುಡುಕಿಸಿ, ಅದನ್ನು ಕತ್ತರಿಸಿ, ತುದಿಗಳನ್ನು ಹೊಳೆಯುವಂತೆ ಉಜ್ಜಿಸಿ, ತಕ್ಕ ಲೋಹದ ಕೊಳವೆಯಲ್ಲಿಟ್ಟು ಒತ್ತಿ ಬಿಗಿಸತಕ್ಕದ್ದು. ತಾಮ್ರವನ್ನೂ ಅಲ್ಯೂಮಿನಿಯಮನ್ನೂ ಬರಿದೆ ಹೊಸೆದು ಸೇರಿಸಿದರೆ ತೇವದಿಂದ ಅಲ್ಯೂಮಿನಿಯಂ ಸವೆಯುವುದರಿಂದ, ಅವೆರಡನ್ನು ಕೂಡಿಸಲೆಂದೇ ಮಾಡಿದ ಜೋಡಣೆಯನ್ನು ಉಪಯೋಗಿಸಬೇಕು.