ಯಾವ ದೇವ್ರಿಗೆ ಹೊಂಟೀರಿ?

ಹಿರೇಕೆರೂರು ಸೀಮೆಯ ಯಾವುದೇ ಹಳ್ಳಿಯ ಬಸ್ ನಿಲ್ದಾಣದಲ್ಲಿ ಗಂಡ ಹೆಂಡತಿ ಇಬ್ಬರೇ ಚೀಲ ಹಿಡಿದು ನಿಂತರೆ ಎದುರು ಬಂದವರು ತಪ್ಪದೆ ಕೇಳುತ್ತಾರೆ: ‘ಯಾವ ದೇವ್ರಿಗೆ ಹೊಂಟೀರಿ?’ ದೇವರಿಗಲ್ಲ ಎಂದರೆ ದವಾಖಾನೆಗೇನೋ ಎಂದು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಅದೂ ಅಲ್ಲದಿದ್ದರೆ ಮದುವೆ, ನಿಶ್ಚಯ, ಇಲ್ಲವೇ ಯಾರದೋ ಮಣ್ಣು. ಇವು ಐದನ್ನೂ ಬಿಟ್ಟು ಆರನೆಯ ಕಾರಣವೊಂದು ಇರಬಹುದು ಎಂಬುದು ಬಹಳ ಜನರಿಗೆ ಹೊಳೆಯುವುದೇ ಇಲ್ಲ. ‘ಎಲ್ಲಿಗೂ ಇಲ್ರೀ, ಸುಮ್ನ ಹೊಂಟೀವಿ’ ಎಂದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದುಕೊಳ್ಳುತ್ತಾರೆ.

ವರ್ಗವಾಗಿ ಈ ಕಡೆ ಬಂದು ಅಬಲೂರಿನ ಸಮೀಪ ಮನೆ ಮಾಡಿದ ಮೇಲೆ ನಾವಿಬ್ಬರೂ ಭಾನುವಾರಗಳನ್ನು ಹೀಗೆ ಸುಮ್ಮನೆ ಹೋಗುವುದಕ್ಕೇ ಎತ್ತಿಟ್ಟಿದ್ದೇವೆ. ಪರಸ್ಥಳದವರಾದ್ದರಿಂದ ನೆಂಟರ ಕರೆ ಕಡಿಮೆ, ಕೈಗೆ ಪುರುಸೊತ್ತು ಜಾಸ್ತಿ. ನನ್ನ ಮಾತು ಇಷ್ಟೇ: ಈ ಸೀಮೆಯಲ್ಲಿ ಗಂಡ ಹೆಂಡತಿ ಕಾರಣವಿಲ್ಲದೆ ಜೊತೆಯಾಗಿ ಹೋಗಿ ಕೂತು ಬರಲು ಬೇಕಾದ್ದೆಲ್ಲ ಇದೆ. ಹೋಗುವ ರೂಢಿಯೊಂದೇ ಇಲ್ಲ.

ಇಲ್ಲಿಯವರು ಮನೆ ಬಿಟ್ಟು ಹೊರಡುವುದೇ ಇಲ್ಲ ಎಂದಲ್ಲ. ಶೀಗಿ ಹುಣ್ಣಿಮೆಗೆ ಎತ್ತಿನ ಬಂಡಿ, ಟ್ರ್ಯಾಕ್ಟರ್ ಏರಿ ಹೊಲಕ್ಕೆ ಹೋಗಿ, ಭೂಮ್ತಾಯಿಗೆ ಪೂಜೆ ಮಾಡಿ, ಚರಗ ಚೆಲ್ಲಿ, ಬದುವಿನ ಮೇಲೆ ಸಾಲಾಗಿ ಕೂತು ಉಣ್ಣುವ ಸುಖಕ್ಕೆ ಸಮನಾದ ವನಭೋಜನ ಇನ್ನೊಂದಿಲ್ಲ. ಸಂಕ್ರಾಂತಿಗೆ ಹೊಳೆಗೆ ಹೋಗುತ್ತಾರೆ, ತೇರಿಗೆ ಹೋಗುತ್ತಾರೆ. ಆದರೆ ಅವೆಲ್ಲ ಮನೆಮಂದಿಯ ಸಂಭ್ರಮಗಳು. ಅಲ್ಲಿ ಹೆಣ್ಣುಮಗಳಿಗೆ ಬಿಡುವಿಲ್ಲ. ನಸುಕಿನಲ್ಲೇ ಎದ್ದು ಕಡುಬು, ಹೋಳಿಗೆ, ಬುತ್ತಿ ಎಲ್ಲ ಕಟ್ಟಿ, ಹೊಲದಲ್ಲಿ ಬಡಿಸಿ, ಎಲ್ಲರದೂ ಆದ ಮೇಲೆ ತಾನು ಉಂಡು, ಪಾತ್ರೆ ತುಂಬಿಕೊಂಡು ಬಂದು ತೊಳೆಯುವವಳೂ ಅವಳೇ. ಗಂಡ ಗಂಡಸರ ಗುಂಪಿನಲ್ಲಿ, ಹೆಂಡತಿ ಹೆಂಗಸರ ಗುಂಪಿನಲ್ಲಿ. ದಿನವೆಲ್ಲ ಒಂದೇ ಹೊಲದಲ್ಲಿದ್ದೂ ಇಬ್ಬರೂ ಒಂದು ಮಾತಾಡದೆ ಮನೆಗೆ ಮರಳಿರುತ್ತಾರೆ.

ಅಬಲೂರಿನಿಂದಲೇ ಶುರು ಮಾಡೋಣ. ಊರಿನ ಸೋಮೇಶ್ವರ ಗುಡಿಗೆ ಭಾನುವಾರದ ಮಧ್ಯಾಹ್ನ ಹೋದರೆ ಹೆಚ್ಚು ಜನ ಇರುವುದಿಲ್ಲ. ಕಲ್ಲು ತಂಪಾಗಿರುತ್ತದೆ. 1200ರ ಆಸುಪಾಸಿನ ಇಲ್ಲಿಯ ಶಾಸನ ಏಕಾಂತದ ರಾಮಯ್ಯನ ಕಥೆಯನ್ನು ಹೇಳುತ್ತದೆ. ಆಳಂದದಲ್ಲಿ ಹುಟ್ಟಿದ ರಾಮಯ್ಯ ಅಬಲೂರಿಗೆ ಬಂದು, ಜೈನರೊಂದಿಗೆ ವಾದಕ್ಕೆ ನಿಂತು, ತಲೆಯನ್ನೇ ಪಣವಾಗಿ ಒಡ್ಡಿ, ಕತ್ತರಿಸಿ ಶಿವನಿಗೆ ಒಪ್ಪಿಸಿ, ಮತ್ತೆ ಪಡೆದನಂತೆ. ಕಡೆಗೆ ಕಲ್ಯಾಣದ ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟ ಎನ್ನುವವರೆಗೆ ಶಾಸನ ವಿವರವಾಗಿ ನಡೆಯುತ್ತದೆ. ಜೆ. ಎಫ್. ಫ್ಲೀಟ್ ಅಬಲೂರಿನ ಶಾಸನಗಳನ್ನು ಎಪಿಗ್ರಾಫಿಯಾ ಇಂಡಿಕಾದ 5ನೇ ಸಂಪುಟದಲ್ಲಿ ಅಚ್ಚು ಮಾಡಿಸಿದ ಮೇಲೆ ವಿದ್ವಾಂಸರ ಲೋಕದಲ್ಲಿ ಈ ಊರಿನ ಹೆಸರು ನಿಂತಿತು. ನನಗೆ ಅದಕ್ಕಿಂತ ಹಿಡಿಸಿದ್ದು ಇನ್ನೊಂದು. ಆ ಕಥೆಯನ್ನು ಶಿಲ್ಪದಲ್ಲೂ ಕೆತ್ತಿದ್ದಾರೆ, ಕೆತ್ತಿದ್ದು ಏನೆಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದೂ ಇದ್ದಾರೆ. ನೋಡುವವರಿಗೆ ಗೊತ್ತಾಗಲಿ ಎಂಬ ಆ ಕಾಳಜಿ ಎಂಟು ನೂರು ವರ್ಷ ಹಳೆಯದು. ನನ್ನ ಗಂಡ ಮೊಬೈಲಿನ ಬೆಳಕನ್ನು ಓರೆಯಾಗಿ ಹಿಡಿದರೆ ಅಕ್ಷರದ ಗೀರಿನಲ್ಲಿ ನೆರಳು ತುಂಬಿಕೊಂಡು ಒಂದೊಂದೇ ಎದ್ದು ಕಾಣುತ್ತದೆ. ಹಳಗನ್ನಡದ ‘ರ’ ಯಾವುದು, ‘ಮ’ ಯಾವುದು ಎಂದು ಇಬ್ಬರೂ ತಲೆಗೆ ತಲೆ ತಾಗಿಸಿ ಹುಡುಕುತ್ತ ಕೂರುವುದರಲ್ಲಿ ಮಧ್ಯಾಹ್ನ ಕಳೆದದ್ದೇ ತಿಳಿಯುವುದಿಲ್ಲ. ಟಿ.ವಿ. ಮುಂದೆ ಎಷ್ಟು ಹೊತ್ತು ಕೂತರೂ ನಾವು ಅಷ್ಟು ಹತ್ತಿರ ಕೂರುವುದಿಲ್ಲ.

ಅಬಲೂರೆಂದರೆ ನಾಡಿಗೆ ಮೊದಲು ನೆನಪಾಗುವುದು ಸರ್ವಜ್ಞ. ಮಾಸೂರಿನ ಬಸವರಸ ಮಕ್ಕಳಿಲ್ಲದೆ ಕಾಶಿಗೆ ಹೋದದ್ದು, ಮರಳುವಾಗ ಅಬಲೂರಿನಲ್ಲಿ ಕುಂಬಾರ ಮಾಳಿಯ ಮನೆಯಲ್ಲಿ ಇಳಿದುಕೊಂಡದ್ದು, ಅಲ್ಲಿ ಸರ್ವಜ್ಞ ಹುಟ್ಟಿದ್ದು ಎಂಬ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಅವನ ವಚನಗಳನ್ನು ಕೂಡಿಸಿ 1924ರಲ್ಲಿ ಪುಸ್ತಕವಾಗಿ ತಂದರು. ಸಂಸಾರದ ಸುಖ ಯಾವುದರಲ್ಲಿದೆ ಎಂದು ಅಷ್ಟು ಬಿಡಿಸಿ ಹೇಳಿದ ಕವಿ ತಾನು ಮಾತ್ರ ಮನೆ ಕಟ್ಟದೆ ತಿರುಗಿದ. ತಿರುಗಾಟ ಅವನೊಬ್ಬನದಾಯಿತು, ಮನೆ ಹೆಂಡತಿಯರ ಪಾಲಿಗೆ ಬಂತು. ಎರಡನ್ನೂ ಕೂಡಿಸುವುದು ನಮ್ಮ ಕಾಲದವರಿಗೆ ಸಾಧ್ಯವಾಗಬೇಕು.

ಆ ಬಸವರಸನ ಮಾಸೂರಿನ ದಾರಿಯಲ್ಲೇ ಮದಗದ ಕೆರೆ. ಈ ಸುತ್ತಿನಲ್ಲಿ ಒಂದೇ ಜಾಗಕ್ಕೆ ಹೋಗಲು ಬಿಡುವಿದ್ದರೆ ಇಲ್ಲಿಗೇ ಹೋಗಿ ಎನ್ನುತ್ತೇನೆ. ಹುಂಚದ ಬಳಿ ಹುಟ್ಟಿ, ಶಿಕಾರಿಪುರ ತಾಲ್ಲೂಕು ಹಾದು ಬರುವ ಕುಮುದ್ವತಿ ನದಿಗೆ ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ವಿಜಯನಗರದ ಕಾಲದವರು ಏರಿ ಕಟ್ಟಿದರು. ಮದಗದ ಕೆರೆಗೆ ಮಳೆ ಬಂದ ಬಗೆಯನ್ನು ಹೇಳುವ ಜನಪದ ಹಾಡು ತಮ್ಮದೇ ಎಂದು ಇಲ್ಲಿಯವರೂ ಹೇಳುತ್ತಾರೆ, ಕಡೂರು ಕಡೆಯ ಮದಗದ ಕೆರೆಯವರೂ ಹೇಳುತ್ತಾರೆ. ಹಾಡು ಎರಡೂ ಕೆರೆಗಳಿಗೆ ಒಪ್ಪುವಷ್ಟು ದೊಡ್ಡದಿದೆ. ಆಷಾಢ, ಶ್ರಾವಣದಲ್ಲಿ ‘ಮದಗ ಕೋಡಿ ಬಿದ್ದೈತಂತ’ ಎಂಬ ಸುದ್ದಿ ಸುತ್ತಲ ಊರುಗಳಿಗೆ ಹರಡುತ್ತದೆ. ಆ ವಾರ ಬೈಕುಗಳ ಸಾಲು ಶುರು.

ಕೋಡಿಯ ನೀರು ಬಂಡೆಗಳ ಮೇಲಿಂದ ಹಂತ ಹಂತವಾಗಿ ಧುಮುಕುತ್ತದೆ. ನೀರಿನ ಬಣ್ಣ ಬೆಳ್ಳಗಲ್ಲ, ಮಲೆನಾಡಿನ ಕೆಮ್ಮಣ್ಣು ಕಲಸಿಕೊಂಡು ಚಹದ ಬಣ್ಣಕ್ಕೆ ತಿರುಗಿರುತ್ತದೆ. ಎದುರು ಬದುರು ನಿಂತು ಮಾತಾಡಿದರೂ ಕೇಳಿಸದಷ್ಟು ಸದ್ದು. ಮಳೆಗಾಲದಲ್ಲಿ ಇಲ್ಲಿ ಜನಜಂಗುಳಿ, ಸೆಲ್ಫಿಯವರ ಕಾಟ, ಪಾಚಿಗಟ್ಟಿದ ಬಂಡೆಯ ಮೇಲೆ ಹುಡುಗರ ದುಸ್ಸಾಹಸ. ಜೀವದ ಮೇಲೆ ಆಸೆಯಿರುವವರು ನೀರಿನಿಂದ ದೂರ ನಿಲ್ಲಬೇಕು. ನಮಗೆ ಇಷ್ಟವಾದದ್ದು ಮಳೆ ಹಿಂದೆ ಸರಿದ ಮೇಲಿನ ದಿನಗಳು, ಕಾರ್ತಿಕದ ಸುಮಾರಿಗೆ. ಆಗ ಏರಿಯ ಮೇಲೆ ಗಾಳಿ ಮಾತ್ರ ಇರುತ್ತದೆ. ಕೆರೆಯ ನೀರು ಗುಡ್ಡದ ಬುಡದವರೆಗೂ ಹೋಗಿ ನಿಂತಿರುತ್ತದೆ. ಬುತ್ತಿ ಬಿಚ್ಚಿದರೆ ಖಡಕ್ ರೊಟ್ಟಿ ದಾರಿಯ ಕುಲುಕಾಟಕ್ಕೆ ಚೂರಾಗಿ, ಗುರೆಳ್ಳು ಚಟ್ನಿಪುಡಿ, ಕೆನೆಮೊಸರಿನ ಜೊತೆ ಕಲಸಿ ತಿನ್ನಲು ಹದವಾಗಿರುತ್ತದೆ. ಒಂದೇ ಡಬ್ಬಿ, ಎರಡು ಕೈ. ಬಡಿಸುವವರು ಬೇರೆ, ಉಣ್ಣುವವರು ಬೇರೆ ಎಂಬ ಮಾತು ಅಲ್ಲಿ ಬರುವುದಿಲ್ಲ.

ಅಲ್ಲೇ ಒಮ್ಮೆ ವಯಸ್ಸಾದ ದಂಪತಿ ಸಿಕ್ಕರು. ಅಜ್ಜ ಮುಂದೆ, ಅಜ್ಜಿ ನಾಲ್ಕು ಮಾರು ಹಿಂದೆ. ನಮ್ಮ ಪಕ್ಕದಲ್ಲಿ ಉಸ್ಸೆಂದು ಕೂತ ಅಜ್ಜಿ ತಾನಾಗಿಯೇ ಹೇಳಿದಳು: ‘ಇಲ್ಲೇ ಮಗ್ಗಲದೂರಾಗ ಬಾಳೇವು ಮಾಡೀನಿ ಯವ್ವಾ. ಈ ನೀರು ಇಷ್ಟ್ ಚಂದ ಇರತೈತಿ ಅಂತ ನೋಡಿದ್ದಿಲ್ಲ.’ ಈಗ ಹೇಗೆ ಬಂದಿರಿ ಎಂದು ಕೇಳಿದೆ. ‘ಬಸ್ಸು ಪುಕ್ಕಟ ಆತಲ್ಲ. ನನಗ ಖರ್ಚಿಲ್ಲ, ನೀವs ಬರ್ರಿ ಅಂತ ನಾನs ಇವ್ರನ್ನ ಕರ್ಕೊಂಡ್ ಬಂದೆ’ ಎಂದು ಅಜ್ಜನತ್ತ ಗದ್ದ ಎತ್ತಿ ತೋರಿಸಿದಳು. ಅಜ್ಜ ಕೇಳಿಸದವರಂತೆ ಕೆರೆಯ ಕಡೆ ನೋಡುತ್ತಿದ್ದರೂ ಮೀಸೆಯಲ್ಲಿ ನಗುತ್ತಿದ್ದರು.

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಬಗ್ಗೆ ಖಜಾನೆಯ ಲೆಕ್ಕ ಹಿಡಿದು ವಾದಿಸುವವರು ವಾದಿಸಲಿ. ನಾನು ಕಣ್ಣಾರೆ ಕಂಡದ್ದು ಇದು: ಸಾರಿಗೆ ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿ ಶೂನ್ಯ ದರದ ಟಿಕೆಟ್ ಪಡೆದ ಮೇಲೆ ಹೆಂಡತಿಯ ಟಿಕೆಟ್ಟಿಗೆ ಗಂಡ ದುಡ್ಡು ಕೊಡಬೇಕಿಲ್ಲ. ಎಲ್ಲಿಗೆ ಹೋಗಬೇಕು ಎನ್ನುವ ಮಾತು ಮೊದಲ ಸಲ ಅವಳ ಬಾಯಿಂದ ಬರುತ್ತಿದೆ. ಇಬ್ಬರ ತಿರುಗಾಟಕ್ಕೆ ಒಬ್ಬರ ಚಾರ್ಜು ಸಾಕು. ಕೂಲಿ ಮಾಡುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಬಿಡುವು ಪೂರಾ ಒಂದು ದಿನದ್ದಿದ್ದರೆ ನಾವು ಸವಣೂರಿಗೆ ಹೋಗುತ್ತೇವೆ. ದೊಡ್ಡಹುಣಸೆ ಕಲ್ಮಠದ ಅಂಗಳದ ಆ ಮರಗಳನ್ನು ಮೊದಲ ಸಲ ಕಂಡಾಗ ಮಾತು ನಿಂತುಹೋಗುತ್ತದೆ. ಹೆಸರು ದೊಡ್ಡ ಹುಣಸೆ ಎಂದಿದ್ದರೂ ಹುಣಸೆಯ ಕುಲದವಲ್ಲ, ಆಫ್ರಿಕಾ ಮೂಲದ ಬಾವೊಬಾಬ್. ತೊಗಟೆ ಆನೆಯ ಚರ್ಮದಂತೆ ಬೂದುಬಣ್ಣದ ಮಡಿಕೆ ಮಡಿಕೆ. ಅಂಗೈ ಇಟ್ಟರೆ ಒರಟಲ್ಲ, ನುಣುಪು, ಸ್ವಲ್ಪ ತಂಪು. ನಾವಿಬ್ಬರೂ ಕೈ ಚಾಚಿ ಕಾಂಡವನ್ನು ತಬ್ಬಲು ನೋಡಿದರೆ ಕಾಲುಭಾಗವೂ ತೋಳಿಗೆ ಸಿಗುವುದಿಲ್ಲ. ರಾತ್ರಿ ಬಿರಿಯುವ ಬಿಳಿಯ ದೊಡ್ಡ ಹೂವಿಗೆ ಬಾವಲಿಗಳು ಬಂದು ಪರಾಗಸ್ಪರ್ಶ ಮಾಡುತ್ತವೆ. ಮೂರು ಮರಗಳಲ್ಲಿ ಒಂದು 2023ರ ಜುಲೈ ಮಳೆಗೆ ಬುಡಮೇಲಾಯಿತು. ಸತ್ತಿತೆಂದು ಕೈಬಿಡದೆ ಯಂತ್ರಗಳ ನೆರವಿನಿಂದ ಅದನ್ನು ಮತ್ತೆ ನೆಟ್ಟರು. ಬಿದ್ದ ಮರವನ್ನು ಸೌದೆಯಾಗಿ ಕಾಣದ ಆ ಬುದ್ಧಿಗೆ ಕೈ ಮುಗಿಯಬೇಕು.

ಇದೇ ಜಾತಿಯ ಮರ ಕೆರಿಬಿಯನ್ ಸಮುದ್ರದ ಕಡೆಯ ಬಾರ್ಬಡೋಸ್ ದ್ವೀಪದಲ್ಲೂ ಇದೆ. ಅಲ್ಲಿಯ ರಾಜಧಾನಿ ಬ್ರಿಡ್ಜ್‌ಟೌನ್‌ನ ಕ್ವೀನ್ಸ್ ಪಾರ್ಕಿನಲ್ಲಿ ಅದರ ಕೆಳಗೆ ಸಂಜೆ ಹೊತ್ತು ಜನ ಕೂರುತ್ತಾರೆ. ಅಲ್ಲಿಗೂ ಅದು ಆಫ್ರಿಕಾದಿಂದಲೇ ಬಂದದ್ದು. ಆ ದ್ವೀಪದ ಉದ್ದ ಸುಮಾರು 34 ಕಿ.ಮೀ., ಅಗಲ 23 ಕಿ.ಮೀ. ಅಂಥ ಹತ್ತು ದ್ವೀಪಗಳು ನಮ್ಮ ಹಾವೇರಿ ಜಿಲ್ಲೆಯೊಳಗೆ ಕೂರುತ್ತವೆ. ಕೆಲಸಕ್ಕೆಂದು ಆ ದ್ವೀಪಕ್ಕೆ ಹೋಗಿ ನೆಲೆಸಿದ ಗಂಡ ಹೆಂಡತಿ ವಾರ ಬಂತೆಂದರೆ ಹೊರಡುತ್ತಾರೆ: ಒಂದು ವಾರ ಬಾತ್‌ಶೀಬಾದ ಬಂಡೆಗಳ ಕಡಲತೀರ, ಒಂದು ವಾರ ಹ್ಯಾರಿಸನ್ ಗುಹೆ, ಶುಕ್ರವಾರ ರಾತ್ರಿ ಆಯ್‌ಸ್ಟಿನ್ಸ್‌ನ ಮೀನಿನ ಸಂತೆ. ತಿರುಗಿ ತಿರುಗಿ ಅದೇ ಜಾಗಗಳು. ಸಾಕಾಯಿತು ಎಂದು ಅವರು ಮನೆಯಲ್ಲಿ ಕೂರುವುದಿಲ್ಲ. ನಮ್ಮಲ್ಲಿ ‘ಇಲ್ಲೇನೈತಿ ನೋಡಾಕ’ ಎನ್ನುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹುಟ್ಟಿ ಬೆಳೆದ ಸೀಮೆಯ ಬಗ್ಗೆ ಅಷ್ಟು ತಾತ್ಸಾರ ಯಾಕೆ? ಕಡಲೇ ಇಲ್ಲದ ಈ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ. ಕೃ. ಗೋಕಾಕರು ಮುಂದೆ ಹಡಗೇರಿ ಇಂಗ್ಲೆಂಡಿಗೆ ಹೋಗಿಬಂದು ಕನ್ನಡಕ್ಕೆ ‘ಸಮುದ್ರ ಗೀತೆಗಳು’ ಎಂಬ ಸಂಕಲನ ಕೊಟ್ಟರು. ದೂರದ್ದನ್ನು ನೋಡಲು ಹೋಗುವುದು ತಪ್ಪಲ್ಲ. ಮಗ್ಗುಲದ್ದನ್ನು ನೋಡದೆಯೇ ಬಾಳು ಮುಗಿಸುವುದು ನಷ್ಟ.

ಸವಣೂರಿನಿಂದ ಬರಿಗೈಲಿ ಮರಳುವಂತಿಲ್ಲ. ಖಾರಾ ಕಟ್ಟಿಸಿಕೊಳ್ಳಬೇಕು, ಹದವಾದ ಎಲೆ ಮಡಿಸಿಕೊಳ್ಳಬೇಕು. ಬಸ್ಸು ಬಿಡುವ ಮೊದಲೇ ಖಾರಾದ ಪೊಟ್ಟಣ ಬಿಚ್ಚದೆ ಇದ್ದರೆ ಅದು ನಮ್ಮಿಬ್ಬರ ಸಂಯಮದ ದಿನ.

ಉಳಿದವು ಒಂದೊಂದು ಅರ್ಧ ದಿನದವು. ರಟ್ಟೀಹಳ್ಳಿಯ ಕದಂಬೇಶ್ವರ ಮೂರು ಗರ್ಭಗುಡಿಗಳ ತ್ರಿಕೂಟ, ಕುಮುದ್ವತಿಯ ಮಗ್ಗುಲಲ್ಲೇ ಇದೆ. ಹಾನಗಲ್ಲಿನ ತಾರಕೇಶ್ವರದಲ್ಲಿ ಕತ್ತೆತ್ತಿ ನೋಡಬೇಕಾದ್ದು ಚಾವಣಿಯ ಕಮಲ. ಎದ್ದು ನಿಂತು ನೋಡಿದರೆ ಕುತ್ತಿಗೆ ನೋಯುತ್ತದೆ, ನೆಲದ ಮೇಲೆ ಕೂತು ಕಂಬಕ್ಕೆ ಒರಗಿ ನೋಡಿ. ಬಂಕಾಪುರದ ಕೋಟೆಯ ನಗರೇಶ್ವರಕ್ಕೆ ಹೋದರೆ ಕಂಬಗಳ ನಡುವೆ ಓಡಾಡಿದಷ್ಟೂ ಸಾಲದು, ಹೊರಗೆ ನವಿಲಿನ ಕೂಗು ಬೇರೆ. ಜಿಲ್ಲೆಯ ಗಡಿ ದಾಟಿದರೆ ಬಳ್ಳಿಗಾವಿ. ಅಲ್ಲಮನ ಊರು. ಅಲ್ಲಿಯ ಕೇದಾರೇಶ್ವರಕ್ಕೆ ಎಲ್ಲರೂ ಹೋಗುತ್ತಾರೆ. ತ್ರಿಪುರಾಂತಕೇಶ್ವರ ಗುಡಿಯಲ್ಲಿರುವ ಪಂಚತಂತ್ರದ ಶಿಲ್ಪಗಳನ್ನು ಬಗ್ಗಿ ನೋಡುವವರು ಕಡಿಮೆ. ಮಕ್ಕಳಿಗೆ ಹೇಳಿದ ಕಥೆಗಳನ್ನು ಅಲ್ಲಿ ನಾವು ಒಬ್ಬರಿಗೊಬ್ಬರು ಹೇಳಿಕೊಂಡೆವು.

ಮನೆಯಲ್ಲಿ ನಮ್ಮ ಮಾತು ಬಹುಪಾಲು ಗ್ಯಾಸು, ಫೀಸು, ಯಾರ ಫೋನು ಬಂದಿತ್ತು ಎಂಬುದರಲ್ಲೇ ಮುಗಿಯುತ್ತದೆ. ಬಸ್ಸಿನ ಕಿಟಕಿಯ ಪಕ್ಕ ಕೂತು ಗೋವಿನಜೋಳದ ಹೊಲಗಳು ಹಿಂದೆ ಸರಿಯುವುದನ್ನು ನೋಡುತ್ತ ಹೊರಟರೆ ಎಂದೋ ಬಿಟ್ಟುಹೋದ ಮಾತು ಬಾಯಿಗೆ ಬರುತ್ತದೆ. ಇವರ ತಂದೆ ತೀರಿಕೊಂಡ ವರ್ಷ ಇವರಿಗೆ ಏನನ್ನಿಸಿತ್ತು ಎಂಬುದನ್ನು ನಾನು ಕೇಳಿದ್ದು ರಟ್ಟೀಹಳ್ಳಿಯ ಹೊಳೆದಂಡೆಯಲ್ಲಿ. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಆ ಮಾತಿಗೆ ಜಾಗ ಸಿಕ್ಕಿರಲಿಲ್ಲ. ಅಲ್ಲಿ ಕುಕ್ಕರ್ ಕೂಗುವುದಿಲ್ಲ, ಬಾಗಿಲು ಬಡಿಯುವವರಿಲ್ಲ.

ಹೊರಡುವವರಿಗೆ ಒಂದೆರಡು ಮಾತು. ಹಳ್ಳಿಯ ದಾರಿಯಲ್ಲಿ ಸಂಜೆಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಇಳಿಯುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ. ಮದಗಕ್ಕೆ ಮಾಸೂರಿನಲ್ಲಿ ಇಳಿದು ಆಟೊ ಹಿಡಿಯಬೇಕು, ಮರಳಿ ಕರೆದೊಯ್ಯುವ ಮಾತನ್ನೂ ಆಗಲೇ ಆಡಿಕೊಳ್ಳಿ. ಗುಡಿ, ಕೆರೆಗಳ ಬಳಿ ಹೆಂಗಸರಿಗೆ ಶೌಚಾಲಯವಿಲ್ಲದಿರುವುದು, ಇದ್ದರೂ ಬೀಗ ಹಾಕಿರುವುದು ನಮ್ಮ ತಿರುಗಾಟದ ದೊಡ್ಡ ತೊಡಕು. ಪುಕ್ಕಟೆ ಬಸ್ಸಿನಲ್ಲಿ ಹೊರಟ ಹೆಣ್ಣುಮಗಳು ಮಧ್ಯಾಹ್ನದವರೆಗೆ ನೀರು ಕುಡಿಯದೆ ಇರುವುದು ಇದಕ್ಕೇ. ಪಂಚಾಯಿತಿಗಳು ಕಮಾನು, ಫಲಕಗಳಿಗೆ ಹಾಕುವ ಹಣದಲ್ಲಿ ಮೊದಲು ನೀರು ಬರುವ, ಬೀಗವಿಲ್ಲದ ಒಂದು ಶೌಚಾಲಯ ಕಟ್ಟಿಸಲಿ. ಏರಿಯ ಮೇಲೆ ಎರಡು ಕಲ್ಲುಬೆಂಚು ಹಾಕಿಸಲಿ. ಮಂಡಿ ನೋವಿನ ಅಜ್ಜಿಯರೂ ಈಗ ಬರುತ್ತಿದ್ದಾರೆ.