ಬಲಗಣ್ಣಿನ ಗುಟ್ಟು

ಐಸ್ ಹಾಕಿಯಲ್ಲಿ ಚೆಂಡಿಲ್ಲ, ಪಕ್ ಅನ್ನೋ ಗಟ್ಟಿ ರಬ್ಬರಿನ ಬಿಲ್ಲೆ. ರಾತ್ರಿ ಡಿಪ್ಲಾಯ್‌ಮೆಂಟ್ ಮುಗಿಯೋದನ್ನೇ ಕಾಯ್ತಾ ಯೂಟ್ಯೂಬ್‌ನಲ್ಲಿ ಈ ಆಟ ನೋಡೋ ಅಭ್ಯಾಸ ನನಗೆ. ಆ ಬಿಲ್ಲೆಯ ವೇಗಕ್ಕೆ ಎರಡು ಕಣ್ಣೂ ಸಾಲಲ್ಲ. ಅಂಥದ್ದರಲ್ಲಿ ಒಂದೇ ಕಣ್ಣಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆಡಿದವರೊಬ್ಬರಿದ್ದಾರೆ: ವಿಲ್ಲಿ ಓ'ರೀ.

ಕೆನಡಾದ ಫ್ರೆಡರಿಕ್ಟನ್‌ನಲ್ಲಿ 1935ರಲ್ಲಿ ಹುಟ್ಟಿದ ಕಪ್ಪು ಹುಡುಗ. ಜೂನಿಯರ್ ಹಾಕಿ ಆಡ್ತಿದ್ದಾಗ ಪಕ್ ಬಂದು ಬಲಗಣ್ಣಿಗೆ ಬಡಿಯಿತು. ಶೇ. 95ರಷ್ಟು ದೃಷ್ಟಿ ಹೋಯ್ತು. ಇನ್ನು ಆಟ ಮುಗೀತು ಅಂದ್ರು ಡಾಕ್ಟರು. ಇವರು ಗಾಯ ಮಾಯುತ್ತಿದ್ದಂತೆ ಮತ್ತೆ ಐಸ್‌ಗಿಳಿದರು, ಕಣ್ಣಿನ ವಿಷಯ ತಂಡಕ್ಕೆ ಹೇಳಲೇ ಇಲ್ಲ. ಹೇಳಿದ್ದರೆ ಅಮೆರಿಕ, ಕೆನಡಾದ ದೊಡ್ಡ ಲೀಗ್ ಎನ್‌ಎಚ್‌ಎಲ್‌ನ ಬಾಗಿಲು ಅಲ್ಲಿಗೇ ಮುಚ್ಚುತ್ತಿತ್ತು. ಆಗ ಹೆಲ್ಮೆಟ್ ಹಾಕುವವರೂ ಅಪರೂಪ. ಉಳಿದ ಕಣ್ಣಿಗೂ ಪೆಟ್ಟು ಬಿದ್ದಿದ್ದರೆ? ಇದನ್ನು ಧೈರ್ಯ ಅನ್ನಲೋ ಹುಚ್ಚು ಅನ್ನಲೋ, ನನಗಂತೂ ಇನ್ನೂ ತೀರ್ಮಾನವಾಗಿಲ್ಲ.

1958ರ ಜನವರಿ 18ರಂದು ಮಾಂಟ್ರಿಯಲ್‌ನಲ್ಲಿ ಬಾಸ್ಟನ್ ಬ್ರೂಯಿನ್ಸ್ ಪರ ಆಡಿ, ಎನ್‌ಎಚ್‌ಎಲ್‌ನ ಮೊದಲ ಕಪ್ಪು ಆಟಗಾರರಾದರು. ಆ ಸೀಸನ್‌ನಲ್ಲಿ ಸಿಕ್ಕಿದ್ದು ಎರಡೇ ಮ್ಯಾಚ್. 1960-61ರಲ್ಲಿ ಇನ್ನೂ 43. ಒಟ್ಟು 4 ಗೋಲು. ಅಮೆರಿಕದ ಊರುಗಳಲ್ಲಿ ಪ್ರೇಕ್ಷಕರ ಬೈಗುಳ ಬೇರೆ. ಶಿಕಾಗೋದಲ್ಲಿ ಎದುರಾಳಿಯ ಸ್ಟಿಕ್ ಏಟಿಗೆ ಹಲ್ಲುಗಳೇ ಉದುರಿದವು. ಆಮೇಲೆ ಬ್ರೂಯಿನ್ಸ್ ಅವರನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟಿತು. ಎನ್‌ಎಚ್‌ಎಲ್‌ಗೆ ಮತ್ತೆ ಬರಲಾಗಲಿಲ್ಲ.

ರೆಸ್ಯೂಮೆ ಮಾತ್ರ ನೋಡುವವರು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಇಷ್ಟವಾಗೋದು ಮುಂದಿನ ಭಾಗ.

ಓ'ರೀ ಎಡ ವಿಂಗ್‌ನ ಆಟಗಾರ. ಅಂದ್ರೆ ಎಡಗಡೆ ಗೋಡೆ, ಉಳಿದ ಆಟವೆಲ್ಲ ಬಲಗಡೆ. ಕಾಣದ ಕಣ್ಣೂ ಅದೇ ಕಡೆ! ಪಾಸ್ ಎಲ್ಲಿಂದ ಬರ್ತಿದೆ, ಗುದ್ದೋಕೆ ಯಾರು ಬರ್ತಿದ್ದಾರೆ ಅಂತ ನೋಡಬೇಕಾದರೆ ಓಟದ ಮಧ್ಯೆ ಕತ್ತನ್ನು ಪೂರ್ತಿ ತಿರುಗಿಸಬೇಕು. ಕೆಳಗಿನ ಲೀಗ್‌ನ ಲಾಸ್ ಏಂಜಲೀಸ್ ಬ್ಲೇಡ್ಸ್ ತಂಡದಲ್ಲಿದ್ದಾಗ ಕೋಚ್ ಆಲ್ಫ್ ಪೈಕ್ ಅವರನ್ನು ಬಲ ವಿಂಗ್‌ಗೆ ಹಾಕಿದರು. ಪಾಸ್‌ಗಳನ್ನು ಸ್ಟಿಕ್ಕಿನ ಹಿಂಬದಿಯಲ್ಲಿ ಹಿಡಿಯೋದನ್ನು ಹೊಸದಾಗಿ ಕಲಿಯಬೇಕಾಯ್ತು. ಆದರೆ ಈಗ ಆಟವೆಲ್ಲ ಎಡಗಣ್ಣಿನ ಮುಂದೆ. 1964-65ರಲ್ಲಿ 38 ಗೋಲು! ಆಟಗಾರ ಅದೇ, ಕಣ್ಣೂ ಅದೇ, ನಿಂತ ಜಾಗ ಮಾತ್ರ ಬೇರೆ.

ಆಮೇಲೆ ಸ್ಯಾನ್ ಡಿಯೇಗೋ. ನಿವೃತ್ತಿ 1979ರಲ್ಲಿ, 43ನೇ ವಯಸ್ಸಿಗೆ. ಎನ್‌ಎಚ್‌ಎಲ್‌ಗೆ ಎರಡನೇ ಕಪ್ಪು ಆಟಗಾರ ಬಂದದ್ದು 1974ರಲ್ಲಿ. ಅಲ್ಲಿಯವರೆಗಿನ ಹದಿಮೂರು ವರ್ಷ ಓ'ರೀ ಕೆಳಗಿನ ಲೀಗ್‌ಗಳಲ್ಲಿ ಗೋಲು ಹೊಡೀತಾನೇ ಇದ್ದರು, ಮೇಲಿನಿಂದ ಯಾರೂ ಕರೆಯಲಿಲ್ಲ. ನಿವೃತ್ತಿಯ ನಂತರ ಒಂದು ಹೋಟೆಲ್‌ನಲ್ಲಿ ಸೆಕ್ಯುರಿಟಿ ಕೆಲಸವನ್ನೂ ಮಾಡಿದರು. 1998ರಲ್ಲಿ ಎನ್‌ಎಚ್‌ಎಲ್‌ಗೆ ನೆನಪಾಯ್ತು ನೋಡಿ, ಮಕ್ಕಳಿಗೆ ಹಾಕಿ ಕಲಿಸುವ ಕಾರ್ಯಕ್ರಮದ ರಾಯಭಾರಿ ಮಾಡಿತು. 2018ರಲ್ಲಿ ಹಾಕಿ ಹಾಲ್ ಆಫ್ ಫೇಮ್.

2022ರ ಜನವರಿ 18ರಂದು ಬ್ರೂಯಿನ್ಸ್ ಅವರ 22ನೇ ನಂಬರಿನ ಜರ್ಸಿಯನ್ನು ಬಾಸ್ಟನ್ ಅಂಗಳದ ಛಾವಣಿಗೆ ಏರಿಸಿತು. ಆ ನಂಬರ್ ಇನ್ನು ಯಾರಿಗೂ ಇಲ್ಲ. ಕೋವಿಡ್ ಇದ್ದುದರಿಂದ 86 ವರ್ಷದ ಓ'ರೀ ಸ್ಯಾನ್ ಡಿಯೇಗೋದಿಂದಲೇ, ವಿಡಿಯೋ ಮೂಲಕ ಪಾಲ್ಗೊಂಡರು.